ಬೀಗದ ಒಳಗೂ ಕಾಯಕ



ಧಾರವಾಡದ ಮನೋರೋಗ ಆಸ್ಪತ್ರೆ ನಿಮಗೆಲ್ಲ ಗೊತ್ತು. 1845ರಲ್ಲಿ ಆರಂಭವಾದ ಅದನ್ನು ಜನ ಬಹುಕಾಲ ‘ಹುಚ್ಚರ ಆಸ್ಪತ್ರೆ’ ಎಂದೇ ಕರೆದರು. ಇಂದು ಅದು ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೆಸರು ಬದಲಾಯಿತು, ನಮ್ಮ ನಾಲಗೆ ಬದಲಾಗಿದೆಯೇ?

ರೋಗ ಉಲ್ಬಣಿಸಿ, ಇಂಥ ಯಾವುದೇ ಆಸ್ಪತ್ರೆಯ ಬೀಗದೊಳಗೆ ಇರಬೇಕಾಗಿ ಬಂದ ಒಬ್ಬನನ್ನು ನೆನೆಯಿರಿ. ಹೊತ್ತಿಗೆ ಔಷಧವುಂಟು, ಊಟವುಂಟು. ಆದರೆ ಬೆಳಗಿನಿಂದ ಬೈಗಿನವರೆಗೆ ಅವನು ಮಾಡುವುದೇನು? ಬರೀ ಗೋಡೆ ನೋಡುತ್ತ ಕೂತರೆ ಗಟ್ಟಿ ಮನಸ್ಸೂ ಕೆಡುತ್ತದೆ. ಆದಕಾರಣ ಹೆಣಿಗೆ, ಹೊಲಿಗೆ, ತೋಟದ ಕೆಲಸ, ಹಾಡು, ಓದು ಇವನ್ನೂ ವೈದ್ಯರು ಚಿಕಿತ್ಸೆಯೆಂದೇ ಎಣಿಸುತ್ತಾರೆ.

ಹಾಗೆಂದು ರೋಗಿಯನ್ನು ಬಿಟ್ಟಿ ದುಡಿಸಿಕೊಳ್ಳುವುದು ಕಾಯಕವಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಈ ಮಾತನ್ನು ಸ್ಪಷ್ಟಪಡಿಸಿದೆ. ಒಳಗಿರುವವರನ್ನು ಬಲವಂತದಿಂದ ದುಡಿಸಕೂಡದು. ಒಪ್ಪಿ ದುಡಿದರೆ ತಕ್ಕ ಸಂಭಾವನೆ ಕೊಡಬೇಕು. ವಿದ್ಯೆ, ವಿನೋದ, ಧರ್ಮಾಚರಣೆಗೆ ಅನುಕೂಲವಿರಬೇಕು.

ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿದೆಯಷ್ಟೆ? ಮಾರಯ್ಯನವರು ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮರಳಿ ಸುರಿದು ಬನ್ನಿ ಎಂದಳು ಆ ತಾಯಿ. ಮನೆಯಲ್ಲಿ ಬಡತನವಿತ್ತು, ದೈನ್ಯವಿರಲಿಲ್ಲ. ಸ್ವಂತ ಕಾಯಕವಿದ್ದವರಿಗೆ ‘ಸಾಕು’ ಎನ್ನುವ, ‘ಬೇಡ’ ಎನ್ನುವ ಬಲ ಬರುತ್ತದೆ. ರೋಗಿಗೆ ಮರಳಿ ಬರಬೇಕಾದದ್ದೂ ಆ ಬಲವೇ.

ಈ ವಿಷಯದಲ್ಲಿ ನಾವೇ ಒಮ್ಮೆ ತಪ್ಪಿದ್ದೇವೆ. ಭಕ್ತರೊಬ್ಬರು, ಆಸ್ಪತ್ರೆಯಿಂದ ಗುಣವಾಗಿ ಬಂದ ತಮ್ಮನನ್ನು ಮಠಕ್ಕೆ ಕರೆತಂದಿದ್ದರು. ಆತ ಕೈಮುಗಿದು, “ಅಪ್ಪಾರ, ದಾಸೋಹದಾಗ ನಾನೂ ಬಡಿಸ್ತೀನ್ರಿ” ಎಂದ. “ಬೇಡಪ್ಪಾ, ನೀ ಸುಮ್ನ ಕೂತು ಪ್ರಸಾದ ತಗೋ” ಎಂದೆವು. ಅದನ್ನು ಕರುಣೆಯೆಂದು ತಿಳಿದಿದ್ದೆವು, ಒಳಗಿದ್ದುದು ಅಂಜಿಕೆ. ಆತ ತಲೆತಗ್ಗಿಸಿ ಉಂಡು ಹೋದ, ಮತ್ತೆ ಬರಲಿಲ್ಲ. ಅಂದು ಅವನ ಕೈಗೆ ರೊಟ್ಟಿಯ ಬುಟ್ಟಿ ಕೊಟ್ಟಿದ್ದರೆ ನಮ್ಮದೇನು ಹೋಗುತ್ತಿತ್ತು?

ಆದ್ದರಿಂದ ಬಂಧುಗಳೇ, ನಿಮ್ಮ ಮನೆಗೆ, ಓಣಿಗೆ ಇಂಥವರು ಮರಳಿ ಬಂದಾಗ ಮೂಲೆಯಲ್ಲಿ ಕೂಡ್ರಿಸಬೇಡಿರಿ. ಔಷಧ ತಪ್ಪಿಸಬೇಡಿರಿ. ವೈದ್ಯರನ್ನು ಕೇಳಿ, ಅವರನ್ನೂ ಕೇಳಿ, ಒಪ್ಪುವ ಕೆಲಸ ಕೊಡಿರಿ, ಕೂಲಿಯನ್ನೂ ಕೊಡಿರಿ. ಆಸ್ಪತ್ರೆಯ ಬೀಗವನ್ನು ವೈದ್ಯರು ತೆಗೆಯುತ್ತಾರೆ. ನಾವು ಹಾಕಿದ ಬೀಗವನ್ನು ನಾವೇ ತೆಗೆಯಬೇಕು. ನಮ್ಮ ದಾಸೋಹದ ಮನೆಯ ಬಾಗಿಲು ಇಂದಿನಿಂದ ಅವರಿಗೆ ತೆರೆದಿದೆ, ಉಣ್ಣುವುದಕ್ಕೂ, ಬಡಿಸುವುದಕ್ಕೂ.