ಹಣದ ಉಬ್ಬರ, ಬಡ್ಡಿಯ ಕಡಿವಾಣ

ಉಬ್ಬರವೆಂದರೆ ಕಡಲು ಏರುವುದು. ಅದರ ಬೆನ್ನಿಗೆ ಇಳಿತವೂ ಉಂಟು. ಹಣದುಬ್ಬರಕ್ಕೆ ಅಂಥ ಇಳಿತ ಅಪರೂಪ. ಅದು ಶೇಕಡಾ 7ರಿಂದ 4ಕ್ಕೆ ಬಂದಿತೆಂದು ವಾರ್ತೆಯಲ್ಲಿ ಕೇಳಿದಾಗ ಬೆಲೆಗಳೇ ಇಳಿದವೆಂದು ತಾವು ಭಾವಿಸಬಾರದು. ಏರುವ ವೇಗ ತಗ್ಗಿತೆಂದಷ್ಟೇ ಅದರ ಅರ್ಥ.

ಬೆಲೆ ಏರಲು ಕಾರಣಗಳು ಮುಖ್ಯವಾಗಿ ಎರಡು. ಇರುವ ಸಾಮಾನಿಗಿಂತ ಕೊಳ್ಳುವವರ ಕೈಯ ಹಣ ಹೆಚ್ಚಾಗುವುದು ಒಂದು. ಸಾಮಾನೇ ಕಡಿಮೆಯಾಗುವುದು, ಇಲ್ಲವೆ ಅದನ್ನು ತಯಾರಿಸಿ ಸಾಗಿಸುವ ಖರ್ಚು ಬೆಳೆಯುವುದು ಇನ್ನೊಂದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಾವು ಹೊರನಾಡಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳದೇ. ಕಚ್ಚಾ ತೈಲದ ಧಾರಣೆಯೂ ಏರಿತು. ಆ ಏಪ್ರಿಲಿನಲ್ಲಿ ದೇಶದ ಚಿಲ್ಲರೆ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 7.79ರಷ್ಟು ಮೇಲಿದ್ದವು.

ಹಣದುಬ್ಬರವನ್ನು ಶೇಕಡಾ 4ರ ಸುಮಾರಿನಲ್ಲಿ, ಹೆಚ್ಚೆಂದರೆ 6ರೊಳಗೆ ಹಿಡಿದಿಡುವ ಹೊಣೆಯನ್ನು 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಒಪ್ಪಿಸಲಾಗಿತ್ತು. ಅದರ ಕೈಯ ಮುಖ್ಯ ಸಾಧನ ರೆಪೊ ದರ, ಅಂದರೆ ಇತರ ಬ್ಯಾಂಕುಗಳಿಗೆ ಅದು ಅಲ್ಪಾವಧಿಗೆ ಕೊಡುವ ಸಾಲದ ಬಡ್ಡಿ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಈ ದರ ಶೇಕಡಾ 4ರಿಂದ 6.5ಕ್ಕೆ ಏರಿತು.

ಆ ಏರಿಕೆ ನನ್ನ ಮನೆಗೂ ಬಂದಿತು. ಮನೆಸಾಲದ ಕಂತು ಇದ್ದಷ್ಟೇ ಇತ್ತು. ಅವಧಿ ಮಾತ್ರ ನನ್ನ ನಿವೃತ್ತಿಯನ್ನು ದಾಟಿ ಹೋಗಿತ್ತು. "ಬಡ್ಡಿ ಏರಿಸಿದರೆ ಎಣ್ಣೆ ಬರುತ್ತದೆಯೇನ್ರೀ?" ಎಂದು ಮನೆಯಾಕೆ ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ. ಬಡ್ಡಿಯಿಂದ ಸೂರ್ಯಕಾಂತಿ ಬೆಳೆಯದು. ಆದರೆ ಸಾಲ ದುಬಾರಿಯಾದರೆ ಕೊಳ್ಳುವ ಆತುರ ತಗ್ಗುತ್ತದೆ. ನಾಳೆ ಇನ್ನೂ ಏರೀತೆಂಬ ಭಯದಿಂದ ಅಂಗಡಿಯವನು ಬೆಲೆಯನ್ನೂ ಮನೆಯ ಮಾಲೀಕನು ಬಾಡಿಗೆಯನ್ನೂ ಏರಿಸುತ್ತ ಹೋಗುವ ಸರಪಳಿ ಸಡಿಲವಾಗುತ್ತದೆ. ಪಿಂಚಣಿಯನ್ನೇ ನಂಬಿದ ಮುದುಕರಿಗೆ ಅದೇ ರಕ್ಷೆ.

ಎಲ್ಲ ಏರಿಕೆಗೂ ಇದೇ ಮದ್ದಲ್ಲ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಪೆಟ್ಟಿಗೆ 2,000 ರೂಪಾಯಿ ದಾಟಿತು. ಹಣದುಬ್ಬರ ಶೇಕಡಾ 7.44 ಮುಟ್ಟಿತು. ಆಗಸ್ಟಿನಲ್ಲಿ ಬ್ಯಾಂಕು ದರವನ್ನು ಕದಲಿಸಲಿಲ್ಲ; ಮುಂದಿನ ಬೆಳೆ ಬಂದರೆ ಬೆಲೆ ತಾನೇ ತಗ್ಗುವುದೆಂದು ಕಾಯಿತು. ಅಕ್ಟೋಬರಿನಲ್ಲಿ ಹಣದುಬ್ಬರ ಶೇಕಡಾ 4.87ಕ್ಕೆ ಬಂದಿತು.

ಅದೇ ಆಗಸ್ಟಿನಲ್ಲಿ ಬಂದ ಇನ್ನೊಂದು ಆದೇಶ ತಮಗೂ ಉಪಯೋಗವಾದೀತು: ಬಡ್ಡಿ ಬದಲಾದಾಗ ಕಂತನ್ನು ಹೆಚ್ಚಿಸಬೇಕೋ, ಅವಧಿಯನ್ನು ಬೆಳೆಸಬೇಕೋ ಎಂದು ಆರಿಸುವ ಅವಕಾಶವನ್ನು ಬ್ಯಾಂಕುಗಳು ಮನೆಸಾಲ ಪಡೆದವರಿಗೆ ಕೊಡಬೇಕು. ನಾನು ಕಂತನ್ನು ಹೆಚ್ಚಿಸಿಕೊಂಡೆ. ತಿಂಗಳ ಕೊನೆ ಬಿಗಿಯಾಯಿತು, ನಿಜ. ಸಾಲವಂತೂ ಪಿಂಚಣಿಯ ದಿನಗಳಿಗೆ ಉಳಿಯಲಾರದು.