ಬಂಡಿ ಎಷ್ಟು ವಾಲಿತು?

ಮೋಟಾರು ಗಾಡಿಯ ಚಾಲಕನ ಎದುರಿಗೆ ಮಾಪಕಗಳನ್ನು ಕೂರಿಸಿರುವ ಹಲಗೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರಷ್ಟೆ. ಈ ಹೆಸರು ಮೋಟಾರು ಹುಟ್ಟುವುದಕ್ಕೆ ಮುಂಚಿನದು. ಕುದುರೆಗಾಡಿಯ ಕಾಲದಲ್ಲಿ, ಗೊರಸಿನಿಂದ ಸಿಡಿದ ಕೆಸರು ಗಾಡಿ ಹೊಡೆಯುವವನ ಮೈಮೇಲೆ ಬೀಳದಿರಲೆಂದು ಮುಂಭಾಗದಲ್ಲಿ ಅಡ್ಡಲಾಗಿ ಹಲಗೆಯನ್ನೋ ತೊಗಲಿನ ತಟ್ಟಿಯನ್ನೋ ನಿಲ್ಲಿಸುತ್ತಿದ್ದರು. ಇಂಗ್ಲಿಷಿನ ಡ್ಯಾಶ್ ಎಂಬ ಮಾತಿಗೆ ಅಪ್ಪಳಿಸು, ಎರಚು ಎಂಬ ಅರ್ಥಗಳುಂಟು. ಕುದುರೆ ಹೋಯಿತು, ಕೆಸರಿನ ಭಯವೂ ಹೋಯಿತು. ಹಲಗೆ ಮಾತ್ರ ಹೆಸರು ಸಮೇತ ಉಳಿದುಕೊಂಡಿತು. ಈಗ ಅಲ್ಲಿ ಕೆಸರಿಗೆ ಬದಲಾಗಿ ಅಂಕಿಗಳು ಸಿಡಿಯುತ್ತಿವೆ.

ಗಾಡಿಯೊಡನೆ ಬರುವ ಮುಳ್ಳಿನ ಮಾಪಕಗಳು ಸಾಲದೆಂದು ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಕೊಂಡು ತಂದು ಹಲಗೆಯ ಮೇಲೆ ಅಂಟಿಸುವವರು ಈಚೆಗೆ ಹೆಚ್ಚಿದ್ದಾರೆ. ಅದರ ಗಾಜಿನ ಮೇಲೆ ಎಂಜಿನ್ನಿನ ಶಾಖ, ಬ್ಯಾಟರಿಯ ವೋಲ್ಟು, ವೇಗ, ಸುತ್ತುಗಳು ಎಲ್ಲವೂ ಮಿನುಗುತ್ತವೆ. ಕೆಲವು ಪೆಟ್ಟಿಗೆಗಳಲ್ಲಿ ಗಾಡಿಯ ಒಂದು ಚಿಕ್ಕ ಚಿತ್ರವಿದ್ದು, ಗಾಡಿ ಪಕ್ಕಕ್ಕೆ ಎಷ್ಟು ಡಿಗ್ರಿ ವಾಲಿದೆ, ಮೂತಿ ಎಷ್ಟು ಡಿಗ್ರಿ ಮೇಲೆದ್ದಿದೆ ಎಂಬುದನ್ನೂ ತೋರಿಸುತ್ತದೆ. ಇದಕ್ಕೆ ವಾಲುಮಾಪಕವೆಂದು ಹೆಸರಿಡೋಣ. ವಿಚಾರ ಹೊಸದೇನಲ್ಲ. 1982ರಲ್ಲಿ ಜಪಾನಿನ ಮಿತ್ಸುಬಿಷಿ ಸಂಸ್ಥೆ ಹೊರತಂದ ಮೊದಲ ಪೀಳಿಗೆಯ ಪಜೇರೊ ಗಾಡಿಗಳಲ್ಲೇ ಇಂಥದೊಂದು ಮಾಪಕ ಕಾಣಿಸಿಕೊಂಡಿತ್ತು. ನಮ್ಮ ದೇಶದಲ್ಲಿ 2020ರಲ್ಲಿ ಬಂದ ಮಹೀಂದ್ರ ಥಾರ್ ಗಾಡಿಯ ಪರದೆಯೂ ಈ ಲೆಕ್ಕವನ್ನು ಕೊಡುತ್ತದೆ. ಅಂಕಿ ಸಿಕ್ಕಿತೇನೋ ಸರಿ. ಅದನ್ನು ಓದುವುದು ಹೇಗೆ? ಪದ ಗೊತ್ತಿದ್ದು ಅನ್ವಯ ಗೊತ್ತಿಲ್ಲದಿದ್ದರೆ ಪದ್ಯದ ಅರ್ಥವಾಗುವುದಿಲ್ಲವೆಂದು ತರಗತಿಯಲ್ಲಿ ಹೇಳಿ ಹೇಳಿ ನನಗೆ ಅಭ್ಯಾಸ. ಇಲ್ಲಿಯೂ ಸಂಗತಿ ಅದೇ.

ಮೊದಲು ಶಾಖದ ಮಾತು. ಈ ಅಂಕಿ ಪೆಟ್ಟಿಗೆಯೊಳಗೆ ಹುಟ್ಟಿದ್ದಲ್ಲ, ಗಾಡಿಯೇ ಹೇಳಿದ್ದು. ಈಗಿನ ಗಾಡಿಯ ಎಂಜಿನ್ನನ್ನು ಆಳುವುದು ಒಂದು ಗಣಕಯಂತ್ರ. ಅದನ್ನು ಮಾತನಾಡಿಸಲು ಚಾಲಕನ ಮೊಣಕಾಲಿನ ಹತ್ತಿರ, ಹಲಗೆಯ ಅಡಿಯಲ್ಲಿ, ಹದಿನಾರು ಸೂಜಿಗಳ ಒಂದು ಕಿಂಡಿಯುಂಟು, ಇದೇ ಓ.ಬಿ.ಡಿ. ಕಿಂಡಿ. ಹೊಗೆಯ ಕಾಟ ತಡೆಯುವ ಸಲುವಾಗಿ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಮೊದಲುಗೊಂಡು ಇದನ್ನು ಕಡ್ಡಾಯ ಮಾಡಿದರು. ಭಾರತದಲ್ಲಿ 2010ರಲ್ಲಿ ಮೊದಲ ಹಂತವೂ 2013ರಲ್ಲಿ ಎರಡನೆಯ ಹಂತವೂ ಜಾರಿಗೆ ಬಂದವು. ಪೆಟ್ಟಿಗೆಯ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದರೆ ಪೆಟ್ಟಿಗೆ ಕೇಳುತ್ತದೆ, ಗಾಡಿ ಉತ್ತರ ಹೇಳುತ್ತದೆ. ಎಂಜಿನ್ನಿನ ನೀರಿನ ಶಾಖವೆಷ್ಟು ಎಂದು ಕೇಳಿದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ ಬರುತ್ತದೆ. ಅದರಲ್ಲಿ 40 ಕಳೆದರೆ ಸೆಲ್ಸಿಯಸ್ ಡಿಗ್ರಿ. ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಅದೇ ಸಂಖ್ಯೆಯಲ್ಲಿ ಹೇಳಲಾಗಲೆಂದು ಈ 40ರ ಕಳೆತ. ನಮ್ಮ ಬಯಲುಸೀಮೆಯವರಿಗೆ ಅದರ ಉಪಯೋಗ ಎಂದೂ ಬೀಳದು.

ಮುಳ್ಳಿನ ಮಾಪಕವೊಂದು ಇದ್ದೇ ಇದೆಯಲ್ಲ, ಮತ್ತೆ ಅಂಕಿಯೇಕೆ ಎಂದು ಕೇಳಬಹುದು. ಅನೇಕ ಗಾಡಿಗಳಲ್ಲಿ ಶಾಖದ ಮುಳ್ಳು ನಿಜವಾಗಿ ಅಳೆಯುವುದಕ್ಕಿಂತ ಹೆಚ್ಚಾಗಿ ಸಮಾಧಾನ ಹೇಳುತ್ತದೆ. ನೀರು 80 ಡಿಗ್ರಿಯಲ್ಲಿದ್ದರೂ 100ರಲ್ಲಿದ್ದರೂ ಅದು ನಡುಮನೆಯ ಯಜಮಾನನಂತೆ ಮಧ್ಯದಲ್ಲೇ ಕುಳಿತಿರುವಂತೆ ಮಾಡಿರುತ್ತಾರೆ. ಇನ್ನು ಕೆಲವು ಗಾಡಿಗಳಲ್ಲಿ ಮುಳ್ಳೇ ಇಲ್ಲ. ನೀಲಿಯದೊಂದು, ಕೆಂಪಿನದೊಂದು ದೀಪವಷ್ಟೆ. ಕೆಂಪು ದೀಪ ಹತ್ತುವ ಹೊತ್ತಿಗೆ ಘಾಟಿಯ ಅರ್ಧದಲ್ಲಿ ಎಂಜಿನ್ನು ಕೆಟ್ಟಿರಬಹುದು. ಆದ್ದರಿಂದ ಅಂಕಿ ಬೇಕು. ಆದರೆ ಅಂಕಿ ಕಂಡವನಿಗೆ ಬೇರೊಂದು ದಿಗಿಲು. 100 ದಾಟಿದ ಕೂಡಲೇ ನೀರು ಕುದಿಯಿತೆಂದು ಗಾಡಿ ನಿಲ್ಲಿಸಿ ಮುಚ್ಚಳ ತೆರೆಯಲು ಹೋಗುತ್ತಾನೆ. ರೇಡಿಯೇಟರಿನ ಮುಚ್ಚಳ ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿರುತ್ತದೆ. ವಾಯುಭಾರದ ಇಮ್ಮಡಿ ಒತ್ತಡದಲ್ಲಿ ಬರಿಯ ನೀರು ಕೂಡ ಸುಮಾರು 120 ಡಿಗ್ರಿಗೆ ಕುದಿಯುತ್ತದೆ, 100ಕ್ಕಲ್ಲ. ಬಿಸಿಯಲ್ಲಿ ಮುಚ್ಚಳ ತೆರೆದರೆ ಒತ್ತಡ ಬಿಟ್ಟುಹೋಗಿ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಷ್ಟೋ ಜನರ ಮುಖ, ಕೈ ಸುಟ್ಟಿರುವುದು ಹೀಗೆಯೇ. ನಿಮ್ಮ ಗಾಡಿ ಮಾಮೂಲು ದಾರಿಯಲ್ಲಿ 90ರಲ್ಲಿರುತ್ತದೋ 98ರಲ್ಲಿರುತ್ತದೋ ಎಂದು ನಾಲ್ಕು ದಿನ ನೋಡಿಟ್ಟುಕೊಳ್ಳಿ. ಆ ವಾಡಿಕೆಯನ್ನು ಮೀರಿ ಅಂಕಿ ನಿಲ್ಲದೆ ಏರುತ್ತಿದ್ದರೆ ಗಾಡಿ ನಿಲ್ಲಿಸತಕ್ಕದ್ದು, ಮುಚ್ಚಳ ಮುಟ್ಟಕೂಡದು.

ಇನ್ನು ವಾಲುಮಾಪಕ. ಮೇಲಿನದಕ್ಕಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದು. ಇದಕ್ಕೆ ಗಾಡಿಯ ಗಣಕಯಂತ್ರದ ಹಂಗಿಲ್ಲ, ಹಾಗಾಗಿ ಓ.ಬಿ.ಡಿ. ಕಿಂಡಿಯಿಲ್ಲದ ಹಳೆಯ ಜೀಪಿಗೂ ಇದನ್ನು ಅಂಟಿಸಬಹುದು. ಒಳಗಿರುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಿಲಿಕಾನಿನ ತುಂಡು, ಅದರಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ಕುಳಿತದ್ದು. ಪೆಟ್ಟಿಗೆ ಓರೆಯಾದರೆ ಆ ತುಂಡು ಕೂದಲೆಳೆಗಿಂತಲೂ ಕಡಿಮೆ ಸರಿಯುತ್ತದೆ. ಸರಿದದ್ದನ್ನು ವಿದ್ಯುತ್ತಿನಿಂದ ಗುರುತಿಸಿ ಡಿಗ್ರಿಗೆ ತಿರುಗಿಸುತ್ತಾರೆ. ನಮ್ಮ ಗಾರೆಯವನ ತೂಕದ ಗುಂಡಿನ ಮೊಮ್ಮಗನೆಂದರೆ ತಪ್ಪಲ್ಲ. ಜೇಬಿನ ಫೋನನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಇದೇ ತುಂಡಿನ ಕೃಪೆಯಿಂದ.

ಗಾಡಿ ಎಷ್ಟು ವಾಲಿದರೆ ಮಗುಚುತ್ತದೆ? ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ನೋಡಿದವರಿಗೆ ಉತ್ತರ ಅರ್ಧ ಗೊತ್ತು. ಭಾರದ ನಡು ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುವಣ ಅಗಲವೆಷ್ಟು, ಈ ಎರಡೇ ಮುಖ್ಯ. ಚಕ್ರಗಳ ಅಗಲ 150 ಸೆಂಟಿಮೀಟರು, ಭಾರದ ನಡು ನೆಲದಿಂದ 70 ಸೆಂಟಿಮೀಟರು ಎನ್ನೋಣ. ಅಗಲದ ಅರ್ಧ 75. 75ನ್ನು 70ರಿಂದ ಭಾಗಿಸಿ ಕೋನಕ್ಕೆ ತಿರುಗಿಸಿದರೆ ಸುಮಾರು 47 ಡಿಗ್ರಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು ಈ ಭಾಗಲಬ್ಧವನ್ನೇ ಆಧಾರವಾಗಿಟ್ಟುಕೊಂಡು 2001ರ ಮಾದರಿಗಳಿಂದೀಚೆಗೆ ಗಾಡಿಗಳಿಗೆ ಮಗುಚುವಿಕೆಯ ದರ್ಜೆ ಕೊಡುತ್ತಿದ್ದಾರೆ. ಅವರ ಪ್ರಕಾರ ಸಾಮಾನ್ಯ ಕಾರುಗಳದು 1.30ರಿಂದ 1.50, ಎತ್ತರದ ಜೀಪು ಜಾತಿಯವುಗಳದು 1.00ರಿಂದ 1.30. ಗುಡ್ಡ ಹತ್ತಲೆಂದು ನೆಲದಿಂದ ಎತ್ತರಿಸಿ ಮಾಡಿದ ಗಾಡಿಯೇ ಮಗುಚಲು ಹೆಚ್ಚು ಸಿದ್ಧವಾಗಿರುತ್ತದೆ. ಒಂದು ಅನುಕೂಲಕ್ಕೆ ತೆತ್ತ ಬೆಲೆ.

47 ಎಂದಿತಲ್ಲ, ಹಾಗಾದರೆ 40ರವರೆಗೆ ಧೈರ್ಯವಾಗಿ ಹೋಗಬಹುದೆ? ಕೂಡದು. ಆ 47 ಕಾಗದದ ಮೇಲಿನದು. ಗಾಡಿ ಕಲ್ಲಿನ ವಿಗ್ರಹದಂತೆ ಅಲ್ಲಾಡದೆ ನಿಂತಿದೆಯೆಂದು ಭಾವಿಸಿ ಹಾಕಿದ ಲೆಕ್ಕ. ಕೆಳಬದಿಯ ಚಕ್ರಗಳು 20 ಸೆಂಟಿಮೀಟರಿನ ಒಂದು ಕೊರಕಲಿಗೆ ಇಳಿದರೆ ವಾಲು ಒಂದೇ ಏಟಿಗೆ ಏಳೂವರೆ ಡಿಗ್ರಿ ಹೆಚ್ಚುತ್ತದೆ. ಆ ಬದಿಯ ಸ್ಪ್ರಿಂಗುಗಳು ಅದುಮಿಕೊಂಡು ಇನ್ನಷ್ಟು ಸೇರಿಸುತ್ತವೆ. ಮಳೆಗಾಲದ ಹುಲ್ಲಿನ ಮೇಲೋ ಜೇಡಿಯ ಮೇಲೋ ಆದರೆ ಗಾಡಿ 17, 18 ಡಿಗ್ರಿಗೇ ಪಕ್ಕಕ್ಕೆ ಜಾರತೊಡಗಬಹುದು. ಜಾರಿದ ಚಕ್ರ ಒಂದು ಬಂಡೆಗೋ ಬೇರಿಗೋ ತಗಲಿತೆಂದರೆ ಎಡವಿದವನಂತೆ ಬೀಳುತ್ತದೆ. ಗಾಡಿಗಳು ಹೆಚ್ಚಾಗಿ ಮಗುಚುವುದು ಹೀಗೆ ಎಡವಿಯೇ ಹೊರತು ಬರಿಯ ಇಳಿಜಾರಿನಿಂದಲ್ಲ. ಕಾಗದದ ಲೆಕ್ಕದ ಅರ್ಧವನ್ನು ಮುಟ್ಟುವ ಮುಂಚೆಯೇ ಹಿಂದಿರುಗತಕ್ಕದ್ದೆಂದು ನನ್ನ ಅಭಿಪ್ರಾಯ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಡಿಕೇರಿಯಲ್ಲಿ ನೆಲೆಸಿ, ಪ್ರವಾಸಿಗಳನ್ನು ಜೀಪಿನಲ್ಲಿ ಮಾಂದಲಪಟ್ಟಿಯ ಗುಡ್ಡಕ್ಕೆ ಕರೆದೊಯ್ಯುವ ಕೆಲಸ ಮಾಡುತ್ತಾನೆ. ಅವನ ಜೀಪಿನಲ್ಲಿ ಈ ಪೆಟ್ಟಿಗೆಯನ್ನು ಕಂಡು, “ಇದರಿಂದ ನಿನಗೇನಪ್ಪ ಉಪಯೋಗ?” ಎಂದು ಕೇಳಿದೆ.

“ಮೇಷ್ಟ್ರೇ, ಇದಿರುವುದು ಪ್ಯಾಸೆಂಜರುಗಳಿಗೆ. ಇಪ್ಪತ್ತು ಅಂತ ಬಂದರೆ ಫೋಟೋ ಹಿಡಿದುಕೊಳ್ಳುತ್ತಾರೆ. ನಾನು ನೋಡುವುದು ದಾರಿಯನ್ನ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಅದೂ ಅಲ್ಲದೆ ಇದು ಸುಳ್ಳು ಹೇಳುತ್ತದೆ. ಸಮ ರಸ್ತೆಯಲ್ಲಿ ಜೋರಾಗಿ ಬ್ರೇಕು ಹಾಕಿ ನೋಡಿ, ಮೂತಿ ಕೆಳಗಾಯಿತು ಅನ್ನುತ್ತದೆ,” ಎಂದು ಸೇರಿಸಿದ.

ಅವನು ಕಂಡದ್ದು ನಿಜ. ಬಸ್ಸು ಬ್ರೇಕು ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವಂತೆ ಆ ಸಿಲಿಕಾನಿನ ತುಂಡೂ ಮುಗ್ಗರಿಸುತ್ತದೆ. ಅದಕ್ಕೆ ಇಳಿಜಾರಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದು. ಗುರುತ್ವದ ಅರ್ಧದಷ್ಟು ಬಲವಾಗಿ ಬ್ರೇಕು ಬಿದ್ದರೆ ಚಪ್ಪಟೆ ರಸ್ತೆಯಲ್ಲೇ 26 ಡಿಗ್ರಿ ಇಳಿಜಾರೆಂದು ಬರೆದುಬಿಡುತ್ತದೆ. ಹೆಚ್ಚು ಬೆಲೆಯ ಪೆಟ್ಟಿಗೆಗಳಲ್ಲಿ ತಿರುವನ್ನು ಗುರುತಿಸುವ ಇನ್ನೊಂದು ತುಂಡನ್ನೂ ಸೇರಿಸಿ ಈ ದೋಷವನ್ನು ತಗ್ಗಿಸುತ್ತಾರೆ.

ಆದರೆ ಈ ಸುಳ್ಳಿನೊಳಗೂ ಒಂದು ಸತ್ಯವುಂಟು. 20 ಮೀಟರು ತ್ರಿಜ್ಯದ ಒಂದು ತಿರುವನ್ನು ಗಂಟೆಗೆ 28 ಕಿಲೋಮೀಟರು ವೇಗದಲ್ಲಿ ತಿರುಗಿದರೆ, ರಸ್ತೆ ಸಮವಾಗಿದ್ದರೂ ಪೆಟ್ಟಿಗೆ ಸುಮಾರು 17 ಡಿಗ್ರಿ ವಾಲು ತೋರಿಸುತ್ತದೆ. ರಸ್ತೆಯ ಅಳತೆಯೆಂದು ನೋಡಿದರೆ ಇದು ಶುದ್ಧ ಸುಳ್ಳು. ಮಗುಚುವ ಲೆಕ್ಕದಲ್ಲಿ ನೋಡಿದರೆ ನಿಜ: ಆ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಕೆಡವಲು ನೋಡುವ ಬಲ, 17 ಡಿಗ್ರಿ ಓರೆಯಲ್ಲಿ ನಿಂತ ಗಾಡಿಯನ್ನು ಕೆಡವಲು ನೋಡುವಷ್ಟೇ. ರಸ್ತೆಯೂ ಹೊರಬದಿಗೆ 10 ಡಿಗ್ರಿ ಓರೆಯಾಗಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತಿದೆಯೆಂದು ಬೈಯುವ ಮುನ್ನ ವೇಗವನ್ನು ಇಳಿಸಿ ನೋಡಬೇಕು.

ಕೇಳುತ್ತಿರುವವರಲ್ಲಿ ಜೀಪು ನಡೆಸುವವರಿಗಿಂತ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಜೀಪು ಹತ್ತುವವರೇ ಹೆಚ್ಚಿರಬೇಕು. ಅವರಿಗೂ ಈ ಲೆಕ್ಕದಲ್ಲಿ ಪಾಲುಂಟು. 1700 ಕಿಲೋ ತೂಕದ ಜೀಪಿನ ನೆತ್ತಿಯ ಮೇಲೆ, ನೆಲದಿಂದ 190 ಸೆಂಟಿಮೀಟರು ಎತ್ತರದಲ್ಲಿ, 100 ಕಿಲೋ ಸಾಮಾನು ಕಟ್ಟಿದರೆ ಭಾರದ ನಡು 70ರಿಂದ ಸುಮಾರು 77 ಸೆಂಟಿಮೀಟರಿಗೆ ಏರುತ್ತದೆ. ಕಾಗದದ 47 ಡಿಗ್ರಿ 44ಕ್ಕೆ ಇಳಿಯುತ್ತದೆ. ಸಾಮಾನಿಲ್ಲದಿದ್ದರೂ, ಗಾಳಿ ಚೆನ್ನಾಗಿದೆಯೆಂದು ತೆರೆದ ಜೀಪಿನಲ್ಲಿ ಐದು ಜನ ಎದ್ದು ನಿಂತರೆ ಪರಿಣಾಮ ಹೆಚ್ಚುಕಡಿಮೆ ಅದೇ. ತಲೆಗೆ 60 ಕಿಲೋ, ಎದ್ದಾಗ ಮೈಭಾರ 40 ಸೆಂಟಿಮೀಟರು ಮೇಲೇರಿತೆಂದುಕೊಂಡರೆ ಇಡೀ ಗಾಡಿಯ ಭಾರದ ನಡು 6 ಸೆಂಟಿಮೀಟರು ಮೇಲಕ್ಕೆ ಸರಿಯುತ್ತದೆ. ಮೇಲಾಗಿ ಸಾಮಾನಿಗೆ ಹಗ್ಗವಿರುತ್ತದೆ. ನಿಂತ ಜನ ಗಾಡಿ ವಾಲಿದ ಕಡೆಗೇ ತೂರಾಡುತ್ತಾರೆ. ಪೆಟ್ಟಿಗೆ ಇದಾವುದನ್ನೂ ಅರಿಯದು. ಜನ ಕುಳಿತಿದ್ದಾಗಲೂ 20, ನಿಂತಿದ್ದಾಗಲೂ 20 ಎಂದೇ ಅದು ಹೇಳುತ್ತದೆ. ಅಂಕಿ ಅದೇ, ಅಪಾಯ ಬೇರೆ. “ಕೂತುಕೊಳ್ಳಿ” ಎಂದು ಡ್ರೈವರು ಹೇಳಿದರೆ ಮುಖ ಸಿಂಡರಿಸದೆ ಕೂರಬೇಕಾದದ್ದು ಇದಕ್ಕೇ. ಅವನು ಹೇಳದಿದ್ದರೆ ಮಕ್ಕಳನ್ನು ನೀವೇ ಕೂರಿಸಿ.

ಇಳಿಜಾರನ್ನು ಏರುವಾಗ ನೇರವಾಗಿ ಏರಬೇಕು, ಇಳಿಯುವಾಗ ನೇರವಾಗಿ ಇಳಿಯಬೇಕು. ಏರಲಾರದೆ ಎಂಜಿನ್ನು ನಿಂತರೆ ಅಲ್ಲೇ ಅಡ್ಡ ತಿರುಗಿಸಲು ಹೋಗದೆ ಹಿಂದಿನ ಗೇರಿನಲ್ಲಿ ಬಂದ ದಾರಿಯಲ್ಲೇ ಇಳಿಯಬೇಕು. ಗಾಡಿಯ ಉದ್ದ ಅಗಲಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಮೂತಿ ಎತ್ತಿ ನಿಂತ ಗಾಡಿ 25 ಡಿಗ್ರಿಗೆ ಹೆದರದು, ಅದೇ ಗಾಡಿಯನ್ನು ಅಡ್ಡ ನಿಲ್ಲಿಸಿದರೆ ಆ 25ಕ್ಕೇ ಹೆದರಬೇಕು. ಮೂತಿಯ ಅಂಕಿಯನ್ನೂ ಪಕ್ಕದ ಅಂಕಿಯನ್ನೂ ಒಂದೇ ಕಣ್ಣಿನಿಂದ ನೋಡಬಾರದು.

ಪೆಟ್ಟಿಗೆ ಕೊಂಡವರು ಅದನ್ನು ಅಂಟಿಸಿದ ದಿನವೇ ಸೊನ್ನೆ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಮನೆಯ ಮುಂದಿನ ನೆಲ ಸಮವಾಗಿದೆಯೆಂದು ನಂಬುವಂತಿಲ್ಲ. ಗಾರೆಯವರು ರಸಮಟ್ಟವನ್ನು ಪರೀಕ್ಷಿಸುವ ಉಪಾಯ ಇಲ್ಲಿಯೂ ನಡೆಯುತ್ತದೆ. ಅವರು ರಸಮಟ್ಟವನ್ನು ಒಮ್ಮೆ ಇಟ್ಟು ನೋಡಿ, ಅದೇ ಜಾಗದಲ್ಲಿ ತುದಿ ಬದಲಾಯಿಸಿ ಮತ್ತೆ ನೋಡುತ್ತಾರೆ. ಹಾಗೆಯೇ ಗಾಡಿಯನ್ನು ನಿಲ್ಲಿಸಿ ನಾಲ್ಕು ಚಕ್ರಗಳ ಜಾಗಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ ಪಕ್ಕದ ವಾಲನ್ನು ಬರೆದುಕೊಳ್ಳಿ. ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ ಅದೇ ಗುರುತುಗಳ ಮೇಲೆ ನಿಲ್ಲಿಸಿ ಮತ್ತೆ ಬರೆದುಕೊಳ್ಳಿ. ಮೊದಲು ಬಲಕ್ಕೆ 2, ಆಮೇಲೆ ಎಡಕ್ಕೆ 1 ಎಂದು ಬಂದರೆ, ನೆಲದ ಓರೆ ಒಂದೂವರೆ ಡಿಗ್ರಿ, ಪೆಟ್ಟಿಗೆಯ ತಪ್ಪು ಬಲಕ್ಕೆ ಅರ್ಧ ಡಿಗ್ರಿ. ಆ ಅರ್ಧವನ್ನು ತಿದ್ದಿಕೊಂಡು, ಅಂಟು ಬಿಸಿಲಿಗೆ ಸಡಿಲವಾಗಿಲ್ಲವೆಂದು ಆಗಾಗ ನೋಡಿಕೊಂಡರೆ ಸಾಕು.