ತಾರಸಿ ಹತ್ತಿದ ಕೆರೆ



ಮೊನ್ನೆ ನಮ್ಮ ಸಾರಕ್ಕಿ ಕೆರೆಯ ಏರಿ ಮೇಲೆ ನಡೆಯುವಾಗ ಸ್ನೇಹಿತರೊಬ್ಬರು ಸಿಡುಕಿದರು: ‘ಎಂಬತ್ತು ಚಿಲ್ಲರೆ ಎಕರೆ ಕೆರೆಯನ್ನ ಬ್ರಿಟಿಷರು ಟ್ಯಾಂಕ್ ಅಂದರಲ್ಲ ಸ್ವಾಮಿ, ಮಹಡಿ ಮೇಲಿನ ಸಿಂಟೆಕ್ಸಿಗೆ ಹೇಳೋ ಹಾಗೆ!’ ಮೂವತ್ತು ವರ್ಷ ನಾನೂ ಹಾಗೇ ಸಿಡುಕಿದವನು. ಇವತ್ತು ಆ ಸಿಟ್ಟನ್ನು ವಾಪಸು ಪಡೆಯಲು ಬಂದಿದ್ದೇನೆ.

ಸಂಗತಿ ತಿರುಗುಮುರುಗು. 17ನೇ ಶತಮಾನದ ಮೊದಲಲ್ಲಿ ಟ್ಯಾಂಕ್ ಎಂಬ ಪದ ಇಂಗ್ಲಿಷಿಗೆ ಹೋದಾಗ ಅದರ ಅರ್ಥವೇ ನಮ್ಮ ದೇಶದ ಕೆರೆ. ನೀರು ತುಂಬುವ ತೊಟ್ಟಿ ಎಂಬ ಅರ್ಥ ಬಂದದ್ದು ಆ ಶತಮಾನದ ಕೊನೆಗೆ. ಮೊದಲ ಮಹಾಯುದ್ಧದಲ್ಲಿ ಗುಟ್ಟು ಕಾಯಲೆಂದು ಹೊಸ ಯುದ್ಧವಾಹನಕ್ಕೂ ಅದೇ ಹೆಸರಿಟ್ಟರು. 1916ರ ಸೆಪ್ಟೆಂಬರಿನಲ್ಲಿ ಅದು ರಣರಂಗಕ್ಕಿಳಿಯಿತು, ಹೆಸರು ಅಂಟಿಕೊಂಡಿತು. ಕೆರೆಗೆ ತೊಟ್ಟಿಯ ಹೆಸರು ಬರಲಿಲ್ಲ. ಕೆರೆಯ ಹೆಸರೇ ತೊಟ್ಟಿಯಾಗಿ ತಾರಸಿ ಹತ್ತಿತು!

ಹುಟ್ಟಿನ ಜಗಳ ಮಾತ್ರ ತೀರಿಲ್ಲ. ಗುಜರಾತಿ, ಮರಾಠಿಗಳ ‘ಟಾಂಕೆ’ಯೋ, ಪೋರ್ಚುಗೀಸರ ‘ತಾಂಕೆ’ಯೋ? 1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲೇ ಈ ತಕರಾರಿದೆ. ಎರಡು ಹೊಳೆ ಕೂಡಿರಬೇಕು ಅನ್ನುವುದು ನನ್ನ ಒಲವು. ವಿದ್ಯಾರ್ಥಿಯಾಗಿದ್ದಾಗ ನಾನು ‘ತಟಾಕ’ದಿಂದಲೇ ಟ್ಯಾಂಕ್ ಬಂತೆಂದು ಠೀವಿಯಿಂದ ಬರೆದಿದ್ದೆ. ಮೇಷ್ಟ್ರು ಕೆಂಪು ಮಸಿಯ ಗೆರೆ ಎಳೆದು, ‘ಮುಖ ಹೋಲಿದರೆ ದಾಯಾದಿ ಆಗಿಬಿಡ್ತಾನೇನಯ್ಯ?’ ಅಂದರು. ಸಾರಕ್ಕಿ ಅಂದರೆ ಸಾರು, ಅಕ್ಕಿ ಅನ್ನುವ ಗೆಳೆಯರಿಗೂ ಇದೇ ಉತ್ತರ. ಇಲ್ಲೇ ಜಯನಗರದಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ ಓದಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ತಕರಾರೇ ಬೇರೆ. ಟ್ಯಾಂಕ್ ಹೋಗಿ ಬೋರ್ಡಿನ ಮೇಲೆ ‘ಲೇಕ್’ ಬಂದಿದೆ. ಲೇಕ್ ಅಂದರೆ ತಾನಾಗಿ ಆದ ಸರೋವರವೆಂದೇ ಮೊದಲು ತೋಚುತ್ತದೆ. ಟ್ಯಾಂಕ್ ಅನ್ನುವಾಗ ಕಟ್ಟಿದ ಕೈಯ ನೆನಪಾದರೂ ಇತ್ತು: ಏರಿ, ತೂಬು, ಕೋಡಿ, ಗದ್ದೆಗೆ ನೀರು ಬಿಡುವ ನೀರುಗಂಟಿ. 2015ರಲ್ಲಿ ಈ ಕೆರೆಯ ಒತ್ತುವರಿ ತೆರವಾದಾಗ ನಾವೆಲ್ಲ ಎಕರೆಯ ಲೆಕ್ಕ ಮಾತಾಡಿದೆವು; ತೂಬಿನ ಮಾತು ನನ್ನ ಬಾಯಲ್ಲೂ ಬರಲಿಲ್ಲ.

ಹಾಗಾದರೆ ಟ್ಯಾಂಕನ್ನೇ ಮರಳಿ ತನ್ನಿ ಅನ್ನಲೇ? ‘ಕೆರೆ’ ಅನ್ನುವ ಮಾತು ಕೈಯಲ್ಲಿರುವಾಗ ಪರದೇಶಿ ಪದಕ್ಕೆ ನನ್ನ ವಕಾಲತ್ತು ಯಾಕೆ? ಇನ್ನೊಂದು ಪ್ರಶ್ನೆ ಕೇಳಲು ನನಗೇ ಅಳುಕು. ಅಚ್ಚುಕಟ್ಟೆಲ್ಲ ಸೈಟಾದ ಮೇಲೆ, ಒಂದು ಗದ್ದೆಗೂ ಹರಿಯದ ನೀರನ್ನು ಕೆರೆ ಅನ್ನಬಹುದೆ? ಅಥವಾ ಆ ಬೋರ್ಡೇ ನಿಜ ಹೇಳುತ್ತಿದೆಯೆ?